ಮೂಳೆಯೊಳಗಿನ ಕ್ರೇನ್: ಜೀವಶಾಸ್ತ್ರಜ್ಞರೂ ಇಂಜಿನಿಯರುಗಳೂ ಒಂದೇ ಮೇಜಿಗೆ ಕುಳಿತ ಕಥೆ



ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ನಮ್ಮ ಮನೆಗಳಲ್ಲಿ ಒಂದೇ ಮಾತು: ಪಿಸಿಎಂಬಿಯೋ, ಪಿಸಿಎಂಸಿಯೋ? ಡಾಕ್ಟರಾಗಬೇಕೆನ್ನುವವರಿಗೆ ಮೊದಲನೆಯದು, ಇಂಜಿನಿಯರ್ ಆಗಬೇಕೆನ್ನುವವರಿಗೆ ಎರಡನೆಯದು ಎಂದು ಊರೆಲ್ಲ ತೀರ್ಮಾನ ಮಾಡಿಬಿಟ್ಟಿದೆ. ಕೆಲವು ವರ್ಷಗಳ ಹಿಂದೆ ಒಂದು ಮಾರ್ಗದರ್ಶನ ಶಿಬಿರದಲ್ಲಿ ಕುಳಿತಿದ್ದೆ. ಅಂಕಪಟ್ಟಿ ಹಿಡಿದುಕೊಂಡು ಬಂದ ಹುಡುಗನೊಬ್ಬ ಕೇಳಿದ: "ಸರ್, ನಾನು ಓದುವುದು ಇಂಜಿನಿಯರಿಂಗೇ. ಮತ್ತೆ ಈ ಜಿರಳೆ, ಕಪ್ಪೆ ಎಲ್ಲ ನನಗೆ ಯಾಕೆ?" ಪಕ್ಕದಲ್ಲಿದ್ದ ಅವನ ತಂದೆ ಹೌದೆಂಬಂತೆ ತಲೆಯಾಡಿಸಿದರು. ಹಿಂದೆ ಉದ್ದ ಸಾಲಿತ್ತು. "ನಿನ್ನ ಇಷ್ಟದಂತೆ ತೆಗೆದುಕೋ ಮಗಾ" ಎಂದು ಹೇಳಿ ಕಳುಹಿಸಿಬಿಟ್ಟೆ. ಆಮೇಲೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ಅಂದು ಕೊಡಬೇಕಾಗಿದ್ದ ಉತ್ತರವನ್ನು ಈಗ ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ. ಸ್ವಲ್ಪ ಉದ್ದವಾದೀತು, ತಾಳ್ಮೆಯಿರಲಿ.

ನಿಸರ್ಗವನ್ನು ನೋಡಿ ಮನುಷ್ಯ ಯಂತ್ರ ಮಾಡಲು ಹೊರಟದ್ದು ಹೊಸದೇನಲ್ಲ. ನಮ್ಮ ಸಭೆಗಳಲ್ಲಿ ಅಬ್ಬಾಸ್ ಇಬ್ನ್ ಫಿರ್ನಾಸ್ ಹೆಸರು ಆಗಾಗ ಕೇಳಿಬರುತ್ತದೆ. ಒಂಬತ್ತನೇ ಶತಮಾನದ ಸ್ಪೇನಿನ ಕುರ್ತುಬಾ ನಗರದಲ್ಲಿದ್ದ ಈತ ಕವಿ, ಗಾಜು ತಯಾರಿಸಬಲ್ಲವ, ನೀರಿನ ಗಡಿಯಾರ ಮಾಡಬಲ್ಲವ. ತೀರಿಕೊಂಡದ್ದು 887ರಲ್ಲಿ. ವೇದಿಕೆಯ ಮೇಲೆ ಕೆಲವರು "ವಿಮಾನ ಕಂಡುಹಿಡಿದವರೇ ನಾವು" ಎಂದುಬಿಡುತ್ತಾರೆ. ಅದು ಅತಿಶಯ. ಈತನ ಹಾರಾಟದ ವಿವರ ನಮಗೆ ಸಿಗುವುದು ಹದಿನೇಳನೇ ಶತಮಾನದ ಇತಿಹಾಸಕಾರ ಅಲ್ ಮಕ್ಕರಿಯ ಬರಹದಲ್ಲಿ, ಎಂದರೆ ಏಳು ಶತಮಾನಗಳಿಗೂ ಹೆಚ್ಚು ಕಾಲ ಕಳೆದ ಮೇಲೆ. ಅದರ ಪ್ರಕಾರ ಇಬ್ನ್ ಫಿರ್ನಾಸ್ ಮೈಗೆ ಗರಿ ಹೊದಿಸಿಕೊಂಡು, ರೆಕ್ಕೆ ಕಟ್ಟಿಕೊಂಡು, ಎತ್ತರದಿಂದ ಗಾಳಿಗೆ ಧುಮುಕಿ ಸಾಕಷ್ಟು ದೂರ ತೇಲಿದ. ಆದರೆ ಇಳಿಯುವಾಗ ಬಿದ್ದು ಬೆನ್ನಿಗೆ ಪೆಟ್ಟಾಯಿತು. ಕಾರಣವನ್ನೂ ಅಲ್ ಮಕ್ಕರಿ ಬರೆದಿದ್ದಾನೆ. ಹಕ್ಕಿ ಇಳಿಯುವುದು ಬಾಲದ ಬಲದಿಂದ, ಈತ ಬಾಲ ಮಾಡಿಕೊಳ್ಳಲು ಮರೆತಿದ್ದ.

ನನಗೆ ಈ ಕಥೆಯಲ್ಲಿ ಹಾರಾಟಕ್ಕಿಂತ ಬಾಲದ ಮಾತೇ ಮುಖ್ಯವಾಗಿ ಕಾಣುತ್ತದೆ. ಕಾಗೆಯೊಂದು ಗೋಡೆಯ ಮೇಲೆ ಕೂರುವುದನ್ನು ಗಮನಿಸಿ ನೋಡಿ. ಕೊನೆಯ ಕ್ಷಣದಲ್ಲಿ ಮೈ ಎತ್ತಿ, ಬಾಲವನ್ನು ಬೀಸಣಿಗೆಯಂತೆ ಅಗಲಿಸಿ ವೇಗ ತಗ್ಗಿಸುತ್ತದೆ. ಇಬ್ನ್ ಫಿರ್ನಾಸ್ ಹಕ್ಕಿಯ ರೂಪ ನೋಡಿದ್ದ, ಹಕ್ಕಿ ಇಳಿಯುವ ಕ್ರಮ ನೋಡಿರಲಿಲ್ಲ. ಅದೇ ಶತಮಾನದಲ್ಲಿ, ಅರಬ್ ಜಗತ್ತಿನ ಇನ್ನೊಂದು ತುದಿಯಾದ ಬಸರಾದಲ್ಲಿ, ಅಲ್ ಜಾಹಿಝ್ ಪ್ರಾಣಿಗಳ ಬಗ್ಗೆ 'ಕಿತಾಬುಲ್ ಹಯವಾನ್' ಎಂಬ ದೊಡ್ಡ ಗ್ರಂಥವನ್ನೇ ಬರೆದ. ಒಬ್ಬ ಯಂತ್ರ ಮಾಡುವವ, ಇನ್ನೊಬ್ಬ ಜೀವಿಗಳನ್ನು ನೋಡುವವ. ನಡುವೆ ಸಾವಿರಾರು ಮೈಲಿ. ಇಂಥ ಇಬ್ಬರು ಒಂದೇ ಊರಿನಲ್ಲಿ, ಒಂದೇ ಕೋಣೆಯಲ್ಲಿ ಸೇರಿದರೆ ಏನಾಗುತ್ತದೆ? ಅದಕ್ಕೆ ಬಹಳ ಒಳ್ಳೆಯ ಉದಾಹರಣೆ ನೋಡಲು ಸಾವಿರ ವರ್ಷ ಮುಂದೆ ಬರಬೇಕು, ಸ್ವಿಟ್ಜರ್‌ಲ್ಯಾಂಡಿನ ಜ್ಯೂರಿಕ್ ನಗರಕ್ಕೆ.

ಅಲ್ಲಿ 1855ರಲ್ಲಿ ಒಂದು ಪಾಲಿಟೆಕ್ನಿಕ್ ಆರಂಭವಾಗಿತ್ತು. ಮುಂದೆ ಐನ್‌ಸ್ಟೈನ್ ಓದಿದ್ದು ಅಲ್ಲೇ. ಅಲ್ಲಿ ಇಂಜಿನಿಯರಿಂಗ್ ಕಲಿಸುತ್ತಿದ್ದವರು ಕಾರ್ಲ್ ಕುಲ್‌ಮನ್. ರೈಲ್ವೆಯಲ್ಲಿ ದುಡಿದವರು, ಇಂಗ್ಲೆಂಡ್ ಅಮೆರಿಕಗಳಿಗೆ ಹೋಗಿ ಸೇತುವೆಗಳನ್ನು ಅಭ್ಯಾಸ ಮಾಡಿ ಬಂದವರು. ತೊಲೆ, ಕಮಾನು, ಕ್ರೇನುಗಳ ಮೇಲೆ ಭಾರ ಬಿದ್ದಾಗ ಒಳಗೆ ಎಲ್ಲಿ ಎಳೆತ, ಎಲ್ಲಿ ಒತ್ತಡ ಎಂಬುದನ್ನು ಉದ್ದುದ್ದ ಲೆಕ್ಕವಿಲ್ಲದೆ ಕಾಗದದ ಮೇಲೆ ರೇಖೆ ಎಳೆದೇ ತೋರಿಸುವ ವಿಧಾನವನ್ನು ಅವರು ಬೆಳೆಸಿದರು. ಸಿವಿಲ್ ಮತ್ತು ಮೆಕ್ಯಾನಿಕಲ್ ಓದಿದವರಿಗೆ ಗ್ರಾಫಿಕ್ ಸ್ಟ್ಯಾಟಿಕ್ಸ್ ಎಂದರೆ ಗೊತ್ತಾಗುತ್ತದೆ. ಅದರ ಮೂಲಪುರುಷ ಇವರೇ.

ಅದೇ ಊರಿನ ವಿಶ್ವವಿದ್ಯಾನಿಲಯದಲ್ಲಿ ಹರ್ಮನ್ ಫಾನ್ ಮೇಯರ್ ಎಂಬ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕರಿದ್ದರು. ಅವರು ಮೂಳೆಗಳನ್ನು ಉದ್ದಕ್ಕೆ ಸೀಳಿ ಒಳಗಿನ ರಚನೆ ನೋಡುತ್ತಿದ್ದರು. ಹೊರಗಿನಿಂದ ಗಟ್ಟಿಯಾಗಿ ಕಾಣುವ ಮೂಳೆಯ ತುದಿಯ ಭಾಗ ಒಳಗೆ ಸ್ಪಂಜಿನಂತಿರುತ್ತದೆ. ಮಾಂಸದಂಗಡಿಯಲ್ಲಿ ಸೀಳಿದ ತೊಡೆಮೂಳೆಯನ್ನು ನೀವೂ ನೋಡಿರಬಹುದು. ಸಾಮಾನ್ಯವಾಗಿ ಅದು ಗೊಂದಲದ ಜಾಲರಿಯಂತೆ ಕಾಣುತ್ತದೆ. ಮೇಯರ್ ಅವರಿಗೆ ಅದು ಗೊಂದಲವೆನಿಸಲಿಲ್ಲ. ತೊಡೆಮೂಳೆಯ ತಲೆಯಿಂದ ಹೊರಟ ಎಳೆಗಳ ಒಂದು ಕಂತೆ ಒಳಬದಿಗೆ ಇಳಿಯುತ್ತದೆ, ಇನ್ನೊಂದು ಕಂತೆ ಹೊರಬದಿಯಿಂದ ಕಮಾನಿನಂತೆ ಬಾಗಿ ಬಂದು ಅದನ್ನು ಅಡ್ಡಲಾಗಿ ದಾಟುತ್ತದೆ. ಪ್ರತಿ ಮೂಳೆಯಲ್ಲೂ ಅದೇ ಕ್ರಮ. ಯಾಕೆ ಹೀಗೆ? ಅಂಗರಚನಾಶಾಸ್ತ್ರದ ಒಳಗೆ ಉಳಿದರೆ ಇದಕ್ಕೆ ಉತ್ತರ ಸಿಗುವಂತಿರಲಿಲ್ಲ.

1866ರಲ್ಲಿ ಜ್ಯೂರಿಕ್‌ನ ನಿಸರ್ಗ ವಿಜ್ಞಾನ ಸಂಘದ ಸಭೆಯಲ್ಲಿ ಮೇಯರ್ ತಮ್ಮ ಮೂಳೆಯ ಸೀಳುಗಳನ್ನು ತೋರಿಸಿದರು. ಕೇಳುಗರಲ್ಲಿ ಕುಲ್‌ಮನ್ ಇದ್ದರು. ಅವರು ಮೂಳೆ ನೋಡಲು ಬಂದವರಲ್ಲ, ಸಂಘದ ಸದಸ್ಯರೆಂದು ಬಂದವರು. ಆದರೆ ಆ ಎಳೆಗಳನ್ನು ಕಂಡೊಡನೆ ಅವರಿಗೆ ತಾವು ದಿನವೂ ತರಗತಿಯಲ್ಲಿ ಎಳೆಯುತ್ತಿದ್ದ ರೇಖೆಗಳೇ ಕಂಡವು. ಡಾರ್ಸಿ ಥಾಂಪ್ಸನ್ ಎಂಬ ಜೀವಶಾಸ್ತ್ರಜ್ಞ 1917ರ ತಮ್ಮ ಗ್ರಂಥದಲ್ಲಿ ಈ ಪ್ರಸಂಗಕ್ಕೆ ಇನ್ನಷ್ಟು ರಂಗು ಕೊಟ್ಟಿದ್ದಾರೆ. ಶವಪರೀಕ್ಷೆಯ ಕೋಣೆಗೆ ಆಕಸ್ಮಿಕವಾಗಿ ಬಂದ ಇಂಜಿನಿಯರ್ ತನ್ನ ಕ್ರೇನನ್ನೇ ಕಂಡವನಂತೆ ಕೂಗಿದ ಎಂದು ಬರೆದಿದ್ದಾರೆ. ಕೂಗಿದರೋ ಇಲ್ಲವೋ, ಮುಂದೆ ಮಾಡಿದ ಕೆಲಸ ಮಾತ್ರ ದಾಖಲೆಯಲ್ಲಿದೆ.

ಆ ಕೆಲಸ ಇದು. ನಿಂತಾಗ ನಮ್ಮ ಮೈಭಾರ ತೊಡೆಮೂಳೆಯ ಮೇಲೆ ನೇರವಾಗಿ ಬೀಳುವುದಿಲ್ಲ. ಮೂಳೆಯ ತಲೆ ಕಾಂಡದಿಂದ ಓರೆಯಾಗಿ ಒಳಕ್ಕೆ ಚಾಚಿಕೊಂಡಿದೆ, ಭಾರ ಬೀಳುವುದು ಆ ಚಾಚಿದ ತಲೆಯ ಮೇಲೆ. ಬಂದರಿನ ಕ್ರೇನಿನ ಬಾಗಿದ ಕತ್ತಿನ ತುದಿಯಲ್ಲಿ ಸರಕು ನೇತಾಡುವಂತೆಯೇ. ಕುಲ್‌ಮನ್ ತಮ್ಮ ವಿದ್ಯಾರ್ಥಿಗಳಿಗೆ ತೊಡೆಮೂಳೆಯ ಮೇಲ್ಭಾಗದ ಹೊರ ಆಕಾರವನ್ನು ಕೊಟ್ಟು, ಅದನ್ನು ಒಂದು ಕ್ರೇನ್ ಎಂದೇ ಭಾವಿಸಿ ಒಳಗಿನ ಎಳೆತ ಮತ್ತು ಒತ್ತಡದ ರೇಖೆಗಳನ್ನು ಬಿಡಿಸಲು ಹೇಳಿದರು. ಬಿಡಿಸಿದ ರೇಖೆಗಳು ಮೇಯರ್ ಅವರ ಎಳೆಗಳ ದಾರಿಯನ್ನೇ ಹಿಡಿದವು. ಮರುವರ್ಷ, 1867ರಲ್ಲಿ, ಮೇಯರ್ ತಮ್ಮ ಪ್ರಬಂಧ ಪ್ರಕಟಿಸಿದಾಗ ಮೂಳೆಯ ಚಿತ್ರದ ಜೊತೆಗೆ ಕುಲ್‌ಮನ್ ಅವರ ಕ್ರೇನಿನ ಚಿತ್ರವೂ ಇತ್ತು. ಕಡಿಮೆ ಸಾಮಗ್ರಿಯಲ್ಲಿ ಹೆಚ್ಚು ಭಾರ ಹೊರಲು ಎಲ್ಲಿ ಬೇಕೋ ಅಲ್ಲಿ ಮಾತ್ರ ಮೂಳೆ ಬೆಳೆದಿತ್ತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಈ ಸ್ನೇಹದಿಂದ ಕೂಡಲೇ ಲಾಭ ಪಡೆದವರು ಇಂಜಿನಿಯರುಗಳಲ್ಲ, ವೈದ್ಯರು! ಬರ್ಲಿನ್‌ನ ಶಸ್ತ್ರವೈದ್ಯ ಯೂಲಿಯಸ್ ವುಲ್ಫ್ ಈ ಎಳೆಗಳನ್ನು ಮುಂದಕ್ಕೆ ಅಭ್ಯಾಸ ಮಾಡಿ, ಭಾರ ಬೀಳುವ ರೀತಿ ಬದಲಾದರೆ ಮೂಳೆ ತನ್ನ ಒಳ ರಚನೆಯನ್ನೇ ಬದಲಿಸಿಕೊಳ್ಳುತ್ತದೆ ಎಂಬ ನಿಯಮವನ್ನು 1892ರಲ್ಲಿ ಮಂಡಿಸಿದರು. ಮೂಳೆ ಮುರಿದು ಪ್ಲಾಸ್ಟರ್ ಹಾಕಿಸಿಕೊಂಡವರನ್ನು ಡಾಕ್ಟರು ಇಷ್ಟಿಷ್ಟೇ ಭಾರ ಹಾಕಿ ನಡೆಯಲು ಹೇಳುವುದರ ಹಿಂದೆ ಈ ತಿಳುವಳಿಕೆಯಿದೆ. ಬಾಹ್ಯಾಕಾಶದಲ್ಲಿ ಮೈಭಾರವೇ ಇಲ್ಲದ ಕಾರಣ ಗಗನಯಾತ್ರಿಗಳ ಸೊಂಟ, ತೊಡೆಯ ಮೂಳೆಗಳು ತಿಂಗಳಿಗೆ ಶೇಕಡಾ 1ರಿಂದ 1.5ರಷ್ಟು ಸವೆಯುತ್ತವೆ. ಅವರು ಅಲ್ಲಿ ದಿನಕ್ಕೆ ಸುಮಾರು ಎರಡು ಗಂಟೆ ವ್ಯಾಯಾಮ ಮಾಡುವುದು ಅದಕ್ಕಾಗಿಯೇ. ಕುಲ್‌ಮನ್ ಅವರ ಹೋಲಿಕೆಯಲ್ಲಿ ಕೊರತೆಗಳೂ ಇದ್ದವು. ಕ್ರೇನಿನ ಕಬ್ಬಿಣದಂತೆ ಮೂಳೆ ಎಲ್ಲ ದಿಕ್ಕಿಗೂ ಒಂದೇ ರೀತಿಯ ವಸ್ತುವಲ್ಲ. ಸ್ನಾಯುಗಳ ಎಳೆತವನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನಂತರದವರು ಇದನ್ನೆಲ್ಲ ತಿದ್ದಿದರು. ತಿದ್ದಲು ಅವರ ಮುಂದೆ ಒಂದು ಚಿತ್ರವಾದರೂ ಇತ್ತು.

ಅಂದಹಾಗೆ ಪ್ಯಾರಿಸ್ಸಿನ ಐಫೆಲ್ ಗೋಪುರವನ್ನು ತೊಡೆಮೂಳೆ ನೋಡಿ ಕಟ್ಟಿದರೆಂದು ಎಷ್ಟೋ ಪುಸ್ತಕಗಳಲ್ಲಿ ಓದುತ್ತೀರಿ. ಅಷ್ಟನ್ನು ನಂಬಬೇಡಿ. ನಿಜವಾದ ಸಂಬಂಧ ಬೇರೆ. 1884ರಲ್ಲಿ ಆ ಗೋಪುರದ ಮೊದಲ ನಕ್ಷೆ ಬರೆದ ಮಾರಿಸ್ ಕೆಶ್ಲಾನ್ ಜ್ಯೂರಿಕ್‌ನಲ್ಲಿ ಕುಲ್‌ಮನ್ ಅವರ ಶಿಷ್ಯರಾಗಿದ್ದರು. ಗುರುಗಳಿಂದ ಕಲಿತದ್ದು ರೇಖೆ ಎಳೆದು ಭಾರ ಅಳೆಯುವ ವಿದ್ಯೆ.

ಇಪ್ಪತ್ತನೇ ಶತಮಾನದಲ್ಲಿ ಈ ಸಂಬಂಧಕ್ಕೆ ಹೆಸರುಗಳು ಬಂದವು. ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳು ಲ್ಯಾಬಿನಲ್ಲಿ ಷ್ಮಿಟ್ ಟ್ರಿಗರ್ ಸರ್ಕ್ಯೂಟನ್ನು ಕಟ್ಟಿರುತ್ತೀರಿ. ಅದನ್ನು 1934ರಲ್ಲಿ ರೂಪಿಸಿದ ಅಮೆರಿಕದ ಆಟೋ ಷ್ಮಿಟ್ ಆಗಿನ್ನೂ ವಿದ್ಯಾರ್ಥಿ. ಕಡಲಿನ ಸ್ಕ್ವಿಡ್ ಎಂಬ ಜೀವಿಯ ನರದಲ್ಲಿ ಸಂಕೇತ ಹೇಗೆ ಹರಿಯುತ್ತದೆ ಎಂಬುದನ್ನು ಅಭ್ಯಾಸ ಮಾಡುತ್ತ ಈ ಸರ್ಕ್ಯೂಟಿಗೆ ಬಂದವರು. ನಮ್ಮ ಕರಾವಳಿಯವರು ಬೊಂಡಾಸ್ ಎಂದು ಕರೆದು ಮಸಾಲೆ ಹಾಕಿ ತಿನ್ನುವ ಅದೇ ಜಾತಿಯ ಜೀವಿ! 'ಬಯೋಮಿಮೆಟಿಕ್ಸ್' ಎಂಬ ಪದವನ್ನು ಬಳಕೆಗೆ ತಂದವರೂ ಷ್ಮಿಟ್. ಅಮೆರಿಕದ ವಾಯುಪಡೆಯ ವೈದ್ಯ ಜ್ಯಾಕ್ ಸ್ಟೀಲ್ 'ಬಯಾನಿಕ್ಸ್' ಎಂಬ ಇನ್ನೊಂದು ಪದ ಕೊಟ್ಟರು. 1960ರಲ್ಲಿ ಡೇಟನ್ ನಗರದಲ್ಲಿ ಆ ಹೆಸರಿನ ಮೊದಲ ದೊಡ್ಡ ಸಮ್ಮೇಳನವೂ ನಡೆಯಿತು. ಹೆಸರಿಡುವುದು ಸುಲಭ. ಎರಡು ವಿಭಾಗದವರು ಒಬ್ಬರ ಭಾಷೆಯನ್ನು ಇನ್ನೊಬ್ಬರು ಕಲಿಯುವುದು ಕಷ್ಟ. ಆದ್ದರಿಂದ ಹೆಸರುಗಳ ಇತಿಹಾಸವನ್ನು ಇಲ್ಲಿಗೇ ಬಿಡೋಣ.

ನಮ್ಮ ಬೆಂಗಳೂರಿನಲ್ಲೇ ಎರಡೂ ಭಾಷೆ ಬಲ್ಲವರೊಬ್ಬರಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯನ್ನು 1962ರಿಂದ ಸುಮಾರು ಎರಡು ದಶಕ ಮುನ್ನಡೆಸಿದ, ಇಸ್ರೋ ಅಧ್ಯಕ್ಷರೂ ಆಗಿದ್ದ ಪ್ರೊಫೆಸರ್ ಸತೀಶ್ ಧವನ್. ವಾಯುಯಾನ ವಿಜ್ಞಾನ ಅವರ ವಿಷಯ. ಶಬ್ದಕ್ಕಿಂತ ವೇಗದ ಗಾಳಿ ಹರಿಯುವ ಸುರಂಗವನ್ನು ಸಂಸ್ಥೆಯಲ್ಲಿ ಕಟ್ಟಿಸಿದವರು. ಅಂಥವರು ಹಕ್ಕಿಗಳ ಹಾರಾಟವನ್ನು ವರ್ಷಗಳ ಕಾಲ ಗಮನಿಸಿ 'ಬರ್ಡ್ ಫ್ಲೈಟ್' ಎಂಬ ಗ್ರಂಥ ಬರೆದರು. ಅದು ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನಿಂದ 1991ರಲ್ಲಿ ಪ್ರಕಟವಾಯಿತು. ರಾಕೆಟ್ ಹಾರಿಸುವ ಶ್ರೀಹರಿಕೋಟಾದ ಪಕ್ಕದಲ್ಲೇ ಪುಲಿಕಾಟ್ ಸರೋವರ, ನೀರುಹಕ್ಕಿಗಳ ದೊಡ್ಡ ತಾಣ. ಧವನ್ 2002ರಲ್ಲಿ ತೀರಿಕೊಂಡ ಮೇಲೆ ಆ ಕೇಂದ್ರಕ್ಕೆ ಅವರ ಹೆಸರನ್ನೇ ಇಟ್ಟರು.

ಇಂಥದೇ ಇನ್ನೊಬ್ಬ ಇಂಜಿನಿಯರ್ ಜಪಾನಿನ ಐಜಿ ನಕಾತ್ಸು. ಪಶ್ಚಿಮ ಜಪಾನ್ ರೈಲ್ವೆಯಲ್ಲಿ ಬುಲೆಟ್ ರೈಲಿನ ತಾಂತ್ರಿಕ ಅಭಿವೃದ್ಧಿಯ ಹೊಣೆ ಅವರದು. ವೇಗ ಹೆಚ್ಚಿಸುವುದು ಅವರಿಗೆ ದೊಡ್ಡ ಕಷ್ಟವಾಗಿರಲಿಲ್ಲ. ಕಷ್ಟ ಬಂದದ್ದು ಸದ್ದಿನಿಂದ. ಬುಲೆಟ್ ರೈಲಿನ ಸದ್ದಿಗೆ ಜಪಾನ್ ಸರ್ಕಾರ 1975ರಲ್ಲೇ ಕಟ್ಟುನಿಟ್ಟಿನ ಮಿತಿ ಹಾಕಿತ್ತು. ಒಸಾಕಾದಿಂದ ಹಕಾತಾಗೆ ಹೋಗುವ ಮಾರ್ಗದ ಹೆಚ್ಚುಕಡಿಮೆ ಅರ್ಧ ಭಾಗ ಸುರಂಗ. ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ ರೈಲು ಸುರಂಗಕ್ಕೆ ನುಗ್ಗಿದರೆ ಒಳಗಿನ ಗಾಳಿ ಪಿಸ್ಟನ್ನಿಗೆ ಸಿಕ್ಕಂತೆ ಒತ್ತಿಕೊಂಡು, ಇನ್ನೊಂದು ಬಾಯಿಯಲ್ಲಿ ಗುಂಡು ಹಾರಿಸಿದಂಥ ಸದ್ದು ಮಾಡುತ್ತದೆ. ಹತ್ತಿರದ ಮನೆಗಳವರ ನಿದ್ದೆಯ ಗತಿ ಏನಾಗಬೇಕು?

1990ರಲ್ಲಿ ನಕಾತ್ಸು ಜಪಾನಿನ ಕಾಡುಹಕ್ಕಿ ಸಂಘದ ಒಂದು ಉಪನ್ಯಾಸಕ್ಕೆ ಹೋದರು. ಮಾತನಾಡಿದವರು ಸೆಯಿಚಿ ಯಾಜಿಮಾ, ವೃತ್ತಿಯಲ್ಲಿ ವಿಮಾನ ವಿನ್ಯಾಸಕಾರ, ಪ್ರವೃತ್ತಿಯಲ್ಲಿ ಪಕ್ಷಿವೀಕ್ಷಕ. ಗೂಬೆ ಸದ್ದಿಲ್ಲದೆ ಹಾರುವುದರ ಗುಟ್ಟು ಅದರ ರೆಕ್ಕೆಯಂಚಿನ ಗರಗಸದಂಥ ಹಲ್ಲುಗಳಲ್ಲಿದೆ, ಅವು ದೊಡ್ಡ ಸುಳಿಗಾಳಿಯನ್ನು ಸಣ್ಣ ಸುಳಿಗಳಾಗಿ ಒಡೆಯುತ್ತವೆ ಎಂಬುದನ್ನು ನಕಾತ್ಸು ಅವರಿಂದ ತಿಳಿದರು. ರೈಲಿನ ನೆತ್ತಿಯ ಮೇಲೆ ತಂತಿಯಿಂದ ವಿದ್ಯುತ್ ಪಡೆಯುವ ಪ್ಯಾಂಟೋಗ್ರಾಫ್ ಇರುತ್ತದಲ್ಲ, ಸದ್ದಿನ ದೊಡ್ಡ ಪಾಲು ಅದರದೇ. ಒಸಾಕಾದ ತೆನ್ನೋಜಿ ಮೃಗಾಲಯದಿಂದ ಹುಲ್ಲು ತುಂಬಿದ ಗೂಬೆಯೊಂದನ್ನು ಕೇಳಿ ತಂದು ಗಾಳಿ ಸುರಂಗದಲ್ಲಿಟ್ಟು ಪರೀಕ್ಷಿಸಿದರು. ಗೂಬೆಯ ಪಾಠವನ್ನು ಪ್ಯಾಂಟೋಗ್ರಾಫಿಗೆ ಇಳಿಸಲು ನಾಲ್ಕು ವರ್ಷ ಹಿಡಿಯಿತು. ಒಂದು ಉಪನ್ಯಾಸ ಕೇಳಿ ಮರುದಿನವೇ ಯಂತ್ರ ಆಗಲಿಲ್ಲ.

ಸುರಂಗದ ಸದ್ದಿಗೆ ಉತ್ತರ ಸಿಕ್ಕಿದ್ದು ಮಿಂಚುಳ್ಳಿಯಲ್ಲಿ. ನಮ್ಮ ಕೆರೆ ತೋಡುಗಳ ಮೇಲೆ ನೀಲಿ ಮಿಂಚಿನಂತೆ ಹಾಯುವ ಆ ಹಕ್ಕಿ, ತೆಳುವಾದ ಗಾಳಿಯಿಂದ ದಟ್ಟವಾದ ನೀರಿಗೆ ಹೆಚ್ಚು ಸಿಡಿತವಿಲ್ಲದೆ ಧುಮುಕುತ್ತದೆ. ಬಯಲಿನಿಂದ ಸುರಂಗಕ್ಕೆ ನುಗ್ಗುವ ರೈಲಿನ ಸಮಸ್ಯೆಯೂ ಅದೇ ಬಗೆಯದೆಂದು ನಕಾತ್ಸು ಅವರಿಗೆ ಹೊಳೆಯಿತು. ಆದರೂ ಕೊಕ್ಕನ್ನು ಹಾಗೆಯೇ ನಕಲು ಮಾಡಲಿಲ್ಲ. ಬೇರೆ ಬೇರೆ ಆಕಾರದ ಗುಂಡುಗಳನ್ನು ಕೊಳವೆಯೊಳಗೆ ಹಾರಿಸಿ ಒತ್ತಡ ಅಳೆದರು, ಕಂಪ್ಯೂಟರಿನಲ್ಲೂ ಲೆಕ್ಕ ಹಾಕಿದರು. ಗೆದ್ದ ಆಕಾರ ಮಿಂಚುಳ್ಳಿಯ ಕೊಕ್ಕಿಗೆ ಬಹಳ ಹತ್ತಿರವಿತ್ತು. 1997ರ ಮಾರ್ಚಿನಲ್ಲಿ ಓಡಿದ 500 ಸರಣಿಯ ರೈಲಿನ ಮೂತಿ 15 ಮೀಟರ್ ಉದ್ದ. ಗಾಳಿಯ ಒತ್ತಡ ಶೇಕಡಾ 30ರಷ್ಟು, ವಿದ್ಯುತ್ ಬಳಕೆ ಶೇಕಡಾ 15ರಷ್ಟು ಇಳಿಯಿತು.

ಈಗ ಆ ಶಿಬಿರದ ಹುಡುಗನ ಜಿರಳೆಗೆ ಬರೋಣ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾನಿಲಯದ ಜೀವಶಾಸ್ತ್ರಜ್ಞ ರಾಬರ್ಟ್ ಫುಲ್ ಜಿರಳೆ ಓಡುವ ರೀತಿಯನ್ನೇ ಅಭ್ಯಾಸ ಮಾಡಿದವರು. ಏರುತಗ್ಗಿನ ನೆಲದ ಮೇಲೆ ಓಡುವಾಗ ಜಿರಳೆ ಪ್ರತಿ ಹೆಜ್ಜೆಗೂ ಯೋಚಿಸುವುದಿಲ್ಲ, ಅಗಲಕ್ಕೆ ಚಾಚಿದ ಅದರ ಕಾಲುಗಳೇ ಸ್ಪ್ರಿಂಗಿನಂತೆ ಮೈಯನ್ನು ತಾವಾಗಿ ಸರಿದೂಗಿಸುತ್ತವೆ ಎಂಬುದನ್ನು ಅವರು ತೋರಿಸಿದರು. ಅದನ್ನು ಕೇಳಿದ ಇಂಜಿನಿಯರುಗಳು ಕಲ್ಲುಮುಳ್ಳಿನ ಮೇಲೂ ಓಡಬಲ್ಲ ಆರು ಕಾಲಿನ 'ರೆಕ್ಸ್' ರೋಬೋಟ್ ಮಾಡಿದರು.

ಇದೇ ಫುಲ್ ಅವರು ಭಾಗಿಯಾದ ಇನ್ನೊಂದು ಕೆಲಸ ಹಲ್ಲಿಯದು. ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿದರೆ ಶಕುನ ಹೇಳುವವರು ನಮ್ಮಲ್ಲಿ ಬಹಳ ಮಂದಿ. ಅದು ತಲೆಕೆಳಗಾಗಿ ಹೇಗೆ ನಿಂತಿದೆ ಎಂದು ಕೇಳುವವರು ಕಡಿಮೆ. ಅಂಟು ಎಂದರು, ಹೀರುವ ಬಟ್ಟಲು ಎಂದರು, ಕೊಕ್ಕೆ ಎಂದರು, ತೇವ ಎಂದರು. ಪಾದದ ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ ಎಂಬುದು ಗೊತ್ತಿತ್ತು. ಟೋಕೇ ಎಂಬ ದೊಡ್ಡ ಜಾತಿಯ ಹಲ್ಲಿಯ ಒಂದೊಂದು ಪಾದದಲ್ಲಿ ಸುಮಾರು ಐದು ಲಕ್ಷ ರೋಮ, ಪ್ರತಿ ರೋಮದ ತುದಿ ಮತ್ತೆ ನೂರಾರು ಕವಲು. ಆದರೆ ಒಂದೇ ರೋಮದ ಹಿಡಿತವನ್ನು ಅಳೆಯುವ ತಕ್ಕಡಿ ಯಾವ ಜೀವಶಾಸ್ತ್ರಜ್ಞನ ಬಳಿ ಇತ್ತು? ಅದು ಇದ್ದದ್ದು ಇಂಜಿನಿಯರುಗಳ ಬಳಿ. ಸ್ಟ್ಯಾನ್‌ಫರ್ಡ್‌ನ ಥಾಮಸ್ ಕೆನಿ ಸಿಲಿಕಾನ್ ಚಿಪ್ಪಿನಲ್ಲಿ ಕೊರೆದ ಅತಿ ಸೂಕ್ಷ್ಮ ಬಲಮಾಪಕ ಕೊಟ್ಟರು. ಬರ್ಕ್ಲಿಯ ಇಂಜಿನಿಯರ್ ರಾನ್ ಫಿಯರಿಂಗ್ ಸೇರಿಕೊಂಡರು. ರೋಮ ಕಿತ್ತು ಅಂಟಿಸಿ ಅಳೆಯುವ ತಂಡದ ಮುಂದಾಳು ಜೀವಶಾಸ್ತ್ರಜ್ಞ ಕೆಲ್ಲಾರ್ ಆಟಮ್.

ಮೊದಲು ರೋಮ ಅಂಟಲೇ ಇಲ್ಲ! ಒತ್ತಿದರೂ ಇಲ್ಲ. ಆಗ ಕೈಹಿಡಿದದ್ದು ಜೀವಂತ ಹಲ್ಲಿಯನ್ನು ನೋಡಿದ ಕಣ್ಣು. ಹಲ್ಲಿ ಪಾದ ಊರುವಾಗ ಬೆರಳನ್ನು ಸುರುಳಿ ಬಿಚ್ಚಿದಂತೆ ಇಟ್ಟು, ಮೆಲ್ಲಗೆ ಒತ್ತಿ, ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುತ್ತದೆ. ರೋಮವನ್ನೂ ಹಾಗೆಯೇ ಒತ್ತಿ ಎಳೆದಾಗ ಗಟ್ಟಿಯಾಗಿ ಹಿಡಿಯಿತು. ಕೋನವನ್ನು 30 ಡಿಗ್ರಿಗೆ ಏರಿಸಿದರೆ ತಾನಾಗಿ ಬಿಟ್ಟುಕೊಟ್ಟಿತು. 2000ದ ಜೂನ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಫಲಿತಾಂಶದ ಪ್ರಕಾರ ಒಂದು ರೋಮದ ಹಿಡಿತ ಸುಮಾರು 200 ಮೈಕ್ರೋನ್ಯೂಟನ್. ಲೆಕ್ಕ ಹಾಕಿ ನೋಡಿ, ಹತ್ತು ಲಕ್ಷ ರೋಮ ಒಟ್ಟಾದರೆ 20 ಕಿಲೋ ತೂಕದ ಮಗುವನ್ನು ಎತ್ತಬಹುದು. ಅದು ಅಂಟೂ ಅಲ್ಲ, ತೇವವೂ ಅಲ್ಲ, ಪಿಯುಸಿ ರಸಾಯನಶಾಸ್ತ್ರದಲ್ಲಿ ನೀವು ಓದುವ ವಾನ್ ಡರ್ ವಾಲ್ಸ್ ಬಲ ಎಂಬುದನ್ನು ಅದೇ ತಂಡ 2002ರಲ್ಲಿ ತೋರಿಸಿತು. 2014ರಲ್ಲಿ ಸ್ಟ್ಯಾನ್‌ಫರ್ಡ್‌ನ ಇಂಜಿನಿಯರುಗಳು ಈ ತತ್ವದ ಮೇಲೆ ಅಂಗೈಯಗಲದ ಹಲಗೆಗಳನ್ನು ಮಾಡಿದರು. ಅವನ್ನು ಹಿಡಿದು 70 ಕಿಲೋ ತೂಕದ ಮನುಷ್ಯನೊಬ್ಬ ನುಣುಪಾದ ಗಾಜಿನ ಗೋಡೆ ಏರಿದ.

ಇಲ್ಲಿ ಯಾರು ಯಾರಿಗೆ ಕಲಿಸಿದರು ಹೇಳಿ? ಬಲಮಾಪಕವಿಲ್ಲದಿದ್ದರೆ ಜೀವಶಾಸ್ತ್ರಕ್ಕೆ ಉತ್ತರವಿರುತ್ತಿರಲಿಲ್ಲ, ಹಲ್ಲಿಯ ನಡಿಗೆ ಬಲ್ಲವರಿಲ್ಲದಿದ್ದರೆ ಬಲಮಾಪಕ ಸೊನ್ನೆ ತೋರಿಸುತ್ತಲೇ ಇರುತ್ತಿತ್ತು. ಶಿಬಿರದ ಆ ಹುಡುಗನಿಗೆ ಇಷ್ಟನ್ನಾದರೂ ಹೇಳಬೇಕಾಗಿತ್ತು. ಪಿಸಿಎಂಬಿ ಓದಿದವರಿಗೆ ಇಂಜಿನಿಯರಿಂಗ್ ಬಾಗಿಲು ಮುಚ್ಚುವುದಿಲ್ಲ ಎಂಬುದನ್ನೂ ಹೇಳಬೇಕಾಗಿತ್ತು. ಬಹಳ ಪೋಷಕರಿಗೆ ಈ ವಿಷಯವೇ ಗೊತ್ತಿಲ್ಲ. ಪಿಸಿಎಂಸಿ ತೆಗೆದುಕೊಂಡವರೂ ಚಿಂತಿಸಬೇಕಿಲ್ಲ. ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 2022ರ ಪಠ್ಯಕ್ರಮದಲ್ಲಿ ಇಂಜಿನಿಯರುಗಳಿಗಾಗಿಯೇ ಜೀವಶಾಸ್ತ್ರದ ಒಂದು ವಿಷಯ ಸೇರಿಸಿತು. ಅದನ್ನು ಪಾಸಾಗುವ ಸಲುವಾಗಿ ಮಾತ್ರ ಓದಿ ಮುಗಿಸುವವರೇ ಹೆಚ್ಚೆಂದು ಕೇಳಿ ಬೇಸರವಾಗುತ್ತದೆ.

ಒಂದೇ ಕಡೆಯಿಂದ ನೋಡಿದರೆ ಎಡವುವುದೂ ಉಂಟು. ಜಿಂಬಾಬ್ವೆಯ ಹರಾರೆ ನಗರದಲ್ಲಿ 1996ರಲ್ಲಿ ಈಸ್ಟ್‌ಗೇಟ್ ಎಂಬ ದೊಡ್ಡ ಕಟ್ಟಡ ತೆರೆಯಿತು. ವಾಸ್ತುಶಿಲ್ಪಿ ಮಿಕ್ ಪಿಯರ್ಸ್ ಇದನ್ನು ಹುತ್ತ ನೋಡಿ ರೂಪಿಸಿದ್ದರು. ಹುತ್ತದೊಳಗೆ ಗೆದ್ದಲು ಹುಳುಗಳ ಬಿಸಿಗೆ ಗಾಳಿ ಮೇಲೇರಿ, ತಂಪಾಗಿ ಕೆಳಗಿಳಿದು, ಗೂಡಿನ ಉಷ್ಣತೆಯನ್ನು ಒಂದೇ ಮಟ್ಟದಲ್ಲಿಡುತ್ತದೆ ಎಂದು ಮಾರ್ಟಿನ್ ಲೂಷರ್ ಎಂಬ ಜೀವಶಾಸ್ತ್ರಜ್ಞ 1961ರಲ್ಲಿ ವಿವರಿಸಿದ್ದರು. ರಾತ್ರಿಯ ತಂಪು ಗಾಳಿಯನ್ನು ಕಾಂಕ್ರೀಟಿನಲ್ಲಿ ಹಿಡಿದಿಟ್ಟು, ಬಿಸಿ ಗಾಳಿಯನ್ನು ಚಿಮಣಿಗಳಿಂದ ಹೊರಬಿಡುವ ಆ ಕಟ್ಟಡ ಸಾಮಾನ್ಯ ಹವಾನಿಯಂತ್ರಣ ಯಂತ್ರವಿಲ್ಲದೆಯೇ ತಂಪಾಗಿರುವಂತಾಯಿತು.

ಕಟ್ಟಡ ಸರಿಯಾಗಿಯೇ ಇತ್ತು, ಹುತ್ತದ ವಿವರಣೆ ಮಾತ್ರ ತಪ್ಪಾಗಿತ್ತು! ಅಮೆರಿಕದ ಜೀವಶಾಸ್ತ್ರಜ್ಞ ಸ್ಕಾಟ್ ಟರ್ನರ್, ಬ್ರಿಟನ್ನಿನ ಇಂಜಿನಿಯರ್ ರೂಪರ್ಟ್ ಸೋರ್ ಜೊತೆಗೂಡಿ ನಮೀಬಿಯಾದ ಹುತ್ತಗಳಿಗೆ ಪ್ಲಾಸ್ಟರ್ ಸುರಿದು, ಒಳದಾರಿಗಳ ಅಚ್ಚು ತೆಗೆದು ಅಭ್ಯಾಸ ಮಾಡಿದರು. ಗೂಡಿನ ಉಷ್ಣತೆ ಸುತ್ತಲ ಮಣ್ಣಿನ ಉಷ್ಣತೆಯನ್ನೇ ಅನುಸರಿಸುತ್ತದೆ, ಮೇಲಿನ ಹುತ್ತ ಇರುವುದು ತಂಪಿಗಲ್ಲ, ಉಸಿರಾಟಕ್ಕೆ, ಅದು ಶ್ವಾಸಕೋಶದಂತೆ ಎಂದು 2008ರಲ್ಲಿ ಬರೆದರು. ಒಳಗಿನ ಗಾಳಿಯನ್ನು ಕಲಕುವುದು ಹೊರಗಿನ ಗಾಳಿಯ ಏರಿಳಿತ ಎಂಬುದು ಅವರ ಅಭಿಪ್ರಾಯವಾಗಿತ್ತು.

ಮುಂದಿನ ಅಧ್ಯಾಯ ನಮ್ಮ ಬೆಂಗಳೂರಿನದು. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತು ಎಂಬ ಗಾದೆ ನಮಗೆಲ್ಲ ಗೊತ್ತು. ಆ ಹುತ್ತ ಉಸಿರಾಡುತ್ತದೆಯೇ ಎಂದು ಅಳೆಯಲು ಬಂದವರು ಹಾರ್ವರ್ಡ್‌ನ ಪ್ರಾಧ್ಯಾಪಕ, ಭಾರತ ಮೂಲದ ಎಲ್. ಮಹಾದೇವನ್, ಅವರ ಜೊತೆ ಹಂಟರ್ ಕಿಂಗ್ ಮತ್ತು ಸ್ಯಾಮ್ಯುಯೆಲ್ ಓಕೋ. ಹುತ್ತದೊಳಗಿನ ಗಾಳಿ ಸೆಕೆಂಡಿಗೆ ಕೆಲವೇ ಸೆಂಟಿಮೀಟರ್ ಚಲಿಸುತ್ತದೆ. ಅಷ್ಟು ಮೆಲ್ಲನೆಯ ಗಾಳಿಯನ್ನು ಅಳೆಯುವ ಉಪಕರಣವನ್ನು ಅವರೇ ತಯಾರಿಸಿಕೊಂಡರು. 2015ರಲ್ಲಿ ಪ್ರಕಟವಾದ ಅವರ ಫಲಿತಾಂಶ ಬಹಳ ಸರಳ. ಹಗಲಿನಲ್ಲಿ ಹುತ್ತದ ಹೊರ ಕೊಳವೆಗಳು ಬಿಸಿಯಾಗಿ ಅಲ್ಲಿ ಗಾಳಿ ಮೇಲೇರುತ್ತದೆ, ನಡುವೆ ಕೆಳಗಿಳಿಯುತ್ತದೆ. ರಾತ್ರಿ ಹೊರಗೆ ತಂಪಾದಾಗ ಇದೇ ಹರಿವು ತಿರುವುಮುರುವು. ಹಗಲೆಲ್ಲ ಗೂಡಿನಲ್ಲಿ ಕೂಡಿಕೊಂಡ ಇಂಗಾಲದ ಡೈಆಕ್ಸೈಡ್ ರಾತ್ರಿ ಹೊರಟುಹೋಗುತ್ತದೆ. ಹೊರಗಿನ ಗಾಳಿ ಬೀಸಿದರೂ ನಿಂತರೂ ದೊಡ್ಡ ವ್ಯತ್ಯಾಸವಿಲ್ಲ.

ಎಂದರೆ ನಮೀಬಿಯಾದವರದು ಒಂದು ಮಾತು, ಬೆಂಗಳೂರಿನಲ್ಲಿ ಅಳೆದವರದು ಇನ್ನೊಂದು. ಹುಳುವಿನ ಜಾತಿ ಬೇರೆ, ಹವೆ ಬೇರೆ, ಆದ್ದರಿಂದ ಇಬ್ಬರೂ ತಮ್ಮ ತಮ್ಮ ಹುತ್ತದ ಮಟ್ಟಿಗೆ ಸರಿ ಎಂದು ಸುಮ್ಮನಿರಬಹುದಿತ್ತು. ಹಾಗೆ ಮಾಡಲಿಲ್ಲ. ಬೆಂಗಳೂರಿನಲ್ಲಿ ಬಳಸಿದ ವಿಧಾನವನ್ನು ನಮೀಬಿಯಾದ ಹುತ್ತಗಳಿಗೇ ಒಯ್ದು ಅಳೆದರು. ಬಿಸಿಲು ಹುತ್ತದ ಒಂದು ಮೈಯನ್ನು ಹೆಚ್ಚು ಕಾಯಿಸುವುದರಿಂದಲೇ ಅಲ್ಲಿಯೂ ಗಾಳಿ ಹರಿಯುತ್ತದೆ ಎಂದು ಗೊತ್ತಾಯಿತು. 2017ರಲ್ಲಿ ಅದು ಪ್ರಬಂಧವಾಗಿ ಬಂದಾಗ ಓಕೋ, ಕಿಂಗ್, ಮಹಾದೇವನ್ ಅವರ ಹೆಸರುಗಳ ಜೊತೆಯಲ್ಲೇ, ಒಂಬತ್ತು ವರ್ಷ ಹಿಂದೆ ಬೇರೆ ಅಭಿಪ್ರಾಯ ಬರೆದಿದ್ದ ಟರ್ನರ್ ಮತ್ತು ಸೋರ್ ಅವರ ಹೆಸರೂ ಇತ್ತು.